ಕೈಗೆ ಕಲಿಸುವ ಪುಸ್ತಕಗಳು

ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಮೀಸಲಾದ ಕಪಾಟುಗಳನ್ನು ಅವಲೋಕಿಸಿದಲ್ಲಿ, ಕಥೆ ಕವಿತೆಗಳ ಪುಸ್ತಕಗಳ ಮಗ್ಗುಲಲ್ಲಿಯೇ ಬೇರೊಂದು ಬಗೆಯ ಪುಸ್ತಕಗಳೂ ಕಣ್ಣಿಗೆ ಬೀಳುವುವು. ಚಿತ್ರ ಬರೆಯುವುದು ಹೇಗೆ, ಚಿತ್ರಕಥೆಯನ್ನು ಕಟ್ಟುವುದು ಹೇಗೆ, ಕಾಗದ ಕಡ್ಡಿಗಳಿಂದ ಆಟಿಕೆ ಮಾಡುವುದು ಹೇಗೆ ಎಂಬುದನ್ನು ಹೇಳಿಕೊಡುವ ಪುಸ್ತಕಗಳಿವು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಮೊದಲು ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಇವೆಲ್ಲಕ್ಕೂ ಕಲೆಯ ವರ್ಗವಾದ 700ರಲ್ಲಿಯೇ ಸ್ಥಾನವುಂಟು. ರೇಖಾಚಿತ್ರದ ವಿಧಾನಕ್ಕೆ 741.2, ಚಿತ್ರಕಥೆಗೆ 741.5, ಕೈಗೆಲಸಕ್ಕೆ 745.5 ಎಂಬ ಅಂಕಗಳು ಸಂದಿರುವುದರಿಂದ ಈ ಮೂರು ಜಾತಿಯ ಪುಸ್ತಕಗಳೂ ಒಂದೇ ಕೇರಿಯ ನೆರೆಹೊರೆಯವರಂತೆ ನಿಂತಿರುವುವು. ಕಪಾಟು ಒಂದುಗೂಡಿಸಿದ ಇವುಗಳನ್ನು ವಿಮರ್ಶೆಯು ಒಟ್ಟಾಗಿ ನೋಡುವುದು ಅಪರೂಪ. ಕಾವ್ಯವಿಮರ್ಶಕನಿಗೆ ಇವು ಸಾಹಿತ್ಯವಲ್ಲ. ಉಪಾಧ್ಯಾಯನಿಗೆ ಇವು ರಜೆಯ ದಿನದ ಕಾಲಹರಣ. ಆದರೆ ಮಗುವಿನ ಬುದ್ಧಿಗೂ ಕೈಗೂ ನಡುವೆ ಸೇತುವೆ ಕಟ್ಟಹೊರಟ ಗ್ರಂಥಗಳನ್ನು ಹೀಗೆ ಅನಾಥವಾಗಿ ಬಿಡುವುದು ಯುಕ್ತವಲ್ಲ.

ಮೊದಲಲ್ಲಿ ಇವುಗಳನ್ನು ಅಳೆಯುವ ಮಾನದಂಡವೊಂದು ಬೇಕು. ಕಥೆಯ ಪುಸ್ತಕವು ಓದಿನಲ್ಲಿಯೇ ಸಾರ್ಥಕವಾಗುವುದು. ಕೈಗೆಲಸದ ಪುಸ್ತಕವು ಸಾರ್ಥಕವಾಗುವುದು ಅದನ್ನು ಮುಚ್ಚಿಟ್ಟ ಮೇಲೆ. ಪುಟದಲ್ಲಿರುವ ಆನೆಯನ್ನು ಮಗುವು ಪುಟವನ್ನು ನೋಡುತ್ತ ಬರೆದರೆ ಅದು ಪುಸ್ತಕದ ಆನೆ. ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸಿದ ಮಾರನೆಯ ದಿನ, ಅದರಲ್ಲಿ ಎಲ್ಲಿಯೂ ಇಲ್ಲದ ಎಮ್ಮೆಯನ್ನು ಬರೆಯಬಲ್ಲುದಾದರೆ ಮಾತ್ರ ಆ ಪುಸ್ತಕವು ಏನನ್ನೋ ಕಲಿಸಿತೆಂದು ಹೇಳಬಹುದು. ಮೊದಲನೆಯದು ಫಲವನ್ನು ಕೊಡುವ ಪುಸ್ತಕ. ಎರಡನೆಯದು ವ್ಯಾಕರಣವನ್ನು ಕೊಡುವ ಪುಸ್ತಕ. ಈ ಭೇದವು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಸಿದ್ಧಫಲವನ್ನು ಮಾತ್ರ ಎದುರಿಗಿಟ್ಟರೆ ಮಗುವು ತನ್ನ ಗೆರೆಯನ್ನು ಅದರೊಡನೆ ಹೋಲಿಸಿ ನೋಡಿ, ತನಗೆ ಚಿತ್ರ ಬಾರದೆಂಬ ತೀರ್ಮಾನಕ್ಕೆ ಬರುವುದು. ಒಮ್ಮೆ ಆ ತೀರ್ಮಾನಕ್ಕೆ ಬಂದ ಮಗು ದೊಡ್ಡದಾದ ಮೇಲೆಯೂ ಸೀಸದಕಡ್ಡಿಯನ್ನು ಅಕ್ಷರಕ್ಕಲ್ಲದೆ ಬೇರೆಯದಕ್ಕೆ ಎತ್ತಿಕೊಳ್ಳದೆ ಹೋಗಬಹುದು.

ಕಲೆಯನ್ನು ಗ್ರಂಥದ ಮೂಲಕ ತಿಳಿಸುವ ಪ್ರಯತ್ನವು ಕನ್ನಡನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಚಿತ್ರಕಲೆಯನ್ನು ನಿರೂಪಿಸುವಲ್ಲಿ ಗೋಡೆಯನ್ನು ಸಿದ್ಧಗೊಳಿಸುವ ಕ್ರಮ, ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆಯುವ ವಜ್ರಲೇಪವೆಂಬ ಅಂಟು, ಬಣ್ಣಗಳ ತಯಾರಿಕೆ, ಲೇಖನಿಗಳ ಭೇದ ಇವುಗಳನ್ನೆಲ್ಲ ವಿವರಿಸುವುದು. ಅದು ರಾಜಯೋಗ್ಯವಾದ ಗ್ರಂಥ, ಮಕ್ಕಳಿಗೆಂದು ರಚಿತವಾದುದಲ್ಲ. ಆದರೂ ಸಾಮಗ್ರಿಯ ಗುಣವನ್ನರಿಯದೆ ರೂಪವಿಲ್ಲವೆಂಬ ವಿವೇಕವು ಅದರಲ್ಲಿ ಅಡಗಿದೆ. ಅದೇ ವಿವೇಕವನ್ನು ಈಗಿನ ಪುಸ್ತಕಗಳಿಂದಲೂ ನಿರೀಕ್ಷಿಸುವುದು ತಪ್ಪಾಗದು.

ಚಿತ್ರ ಬರೆಯಲು ಕಲಿಸುವ ಪುಸ್ತಕಗಳಲ್ಲಿ ಅಮೆರಿಕದ ಎಡ್ ಎಂಬರ್ಲಿಯು 1970ರಲ್ಲಿ ಪ್ರಾಣಿಗಳ ಚಿತ್ರಗಳನ್ನು ಕುರಿತು ಹೊರತಂದ ಪುಸ್ತಕವು ಬಹು ಪ್ರಸಿದ್ಧವಾದುದು. ಅನಂತರ ಬಂದ ಅನೇಕ ಪುಸ್ತಕಗಳ ರೀತಿಯನ್ನು ತಿಳಿಯಲು ಇದೊಂದನ್ನು ನೋಡಿದರೆ ಸಾಕು. ತ್ರಿಕೋನ, ಚೌಕ, ವೃತ್ತ, ಚುಕ್ಕಿ, ಕೆಲವು ಅಕ್ಷರಗಳು, ಒಂದೆರಡು ಗೀಚುಗಳು—ಇಷ್ಟೇ ಅದರ ವರ್ಣಮಾಲೆ. ಮೇಲಿನ ಸಾಲಿನಲ್ಲಿ ಆಯಾ ಹಂತಕ್ಕೆ ಯಾವ ಆಕಾರವನ್ನು ಸೇರಿಸಬೇಕೆಂಬುದನ್ನೂ ಕೆಳಗಿನ ಸಾಲಿನಲ್ಲಿ ಅದನ್ನು ಎಲ್ಲಿ ಸೇರಿಸಬೇಕೆಂಬುದನ್ನೂ ತೋರಿಸಲಾಗಿದೆ. ವಿವರಣೆಯ ಮಾತೇ ಬೇಕಾಗದಷ್ಟು ಸ್ಪಷ್ಟವಾದ ಕ್ರಮವಿದು. ಅಕ್ಷರ ಬರೆಯಬಲ್ಲ ಮಗುವು ಚಿತ್ರವನ್ನೂ ಬರೆಯಬಲ್ಲುದೆಂಬ ಧೈರ್ಯವನ್ನು ತುಂಬುವುದರಲ್ಲಿ ಇದಕ್ಕೆ ಸಾಟಿಯಾದುದು ವಿರಳ. ಆದರೆ ಇದರ ಮಿತಿಯೂ ಅಲ್ಲಿಯೇ ಇದೆ. ಮಗುವಿನ ದೃಷ್ಟಿಯು ಪುಟದಿಂದ ಪುಟಕ್ಕೆ ಹರಿಯುವುದೇ ಹೊರತು ಅಂಗಳದಲ್ಲಿ ಮಲಗಿರುವ ನಾಯಿಯ ಕಡೆಗೆ ತಿರುಗುವುದಿಲ್ಲ. ಎಂಬರ್ಲಿಯ ಆಕಾರಗಳನ್ನು ಅನುಕರಿಸಿ ಬಂದ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳು ಅವನ ವರ್ಣಮಾಲೆಯನ್ನು ಬಿಟ್ಟು ಹಂತಗಳನ್ನು ಮಾತ್ರ ಉಳಿಸಿಕೊಂಡಿರುವುದರಿಂದ, ಈ ಮಿತಿಯು ಅವುಗಳಲ್ಲಿ ದೋಷವಾಗಿಯೇ ಪರಿಣಮಿಸಿದೆ.

ಇದರೊಡನೆ ಕನ್ನಡನಾಡಿನ ಮನೆಯಂಗಳದ ಚುಕ್ಕಿರಂಗೋಲಿಯನ್ನು ಹೋಲಿಸಿ ನೋಡುವುದು ಉಪಯುಕ್ತವಾಗುವುದು. ಮಧ್ಯದ ಸಾಲಿನಲ್ಲಿ 7 ಚುಕ್ಕಿಗಳನ್ನಿಟ್ಟು, ಅದರ ಮೇಲೂ ಕೆಳಗೂ ಎರಡು ಚುಕ್ಕಿಗಳ ಸಂದಿಗೆ ಒಂದು ಬರುವಂತೆ 6, 5, 4 ಎಂದು ಇಳಿಸುತ್ತ ಹೋದರೆ ಒಟ್ಟು 37 ಚುಕ್ಕಿಗಳ ಷಟ್ಕೋನವೊಂದು ಏರ್ಪಡುವುದು. ಚುಕ್ಕಿಗಳು ಅವೇ, ಕೂಡಿಸುವ ಗೆರೆಯು ಬೇರೆಯಾದಂತೆ ಒಮ್ಮೆ ಕಮಲ, ಒಮ್ಮೆ ನಕ್ಷತ್ರ, ಇನ್ನೊಮ್ಮೆ ಬಳ್ಳಿ. ತಾಯಿಯ ಮಗ್ಗುಲಲ್ಲಿ ಕುಳಿತ ಹುಡುಗಿಯು ಮೊದಲು ಕಂಡುದನ್ನೇ ಎಳೆಯುವಳು. ಕೆಲವು ದಿನಗಳ ಮೇಲೆ ಎಲ್ಲಿಯೋ ಒಂದು ಗೆರೆಯನ್ನು ಬೇರೆ ಕಡೆಗೆ ತಿರುಗಿಸುವಳು. ಆ ತಿರುವಿನಲ್ಲಿಯೇ ಅವಳ ಸ್ವಂತ ಕಲೆಯು ಹುಟ್ಟುವುದು. ನಿಯಮವು ಬಿಗಿಯಾಗಿದ್ದರೂ ಫಲವು ನಿಶ್ಚಿತವಾಗಿಲ್ಲದ ಇಂತಹ ಶಿಕ್ಷಣಕ್ರಮವು ಬಾಗಿಲ ಮುಂದೆಯೇ ಇರುವಾಗ, ಕನ್ನಡದ ಚಿತ್ರಪಾಠದ ಪುಸ್ತಕಗಳು ಅದರಿಂದ ಪಾಠ ಕಲಿಯದಿದ್ದರೆ ಆಶ್ಚರ್ಯಪಡಬೇಕಾದುದೇ ಸರಿ. ರಂಗೋಲಿಯ ಪುಸ್ತಕಗಳೇನೋ ಅಂಗಡಿಗಳಲ್ಲಿ ದೊರೆಯುವುವು. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವುದು ಮುಗಿದ ಮಾದರಿಗಳ ರಾಶಿಯೇ ಹೊರತು, ಗೆರೆಯನ್ನು ತಿರುಗಿಸುವ ಸ್ವಾತಂತ್ರ್ಯವಲ್ಲ.

ಚೆನ್ನೈಯ ತಾರಾ ಬುಕ್ಸ್ ಪ್ರಕಾಶನದವರು ಆನೆಯನ್ನು ಎಂಟು ರೀತಿಗಳಲ್ಲಿ ಬರೆಯುವುದನ್ನು ತೋರಿಸುವ ಒಂದು ಪುಸ್ತಕವನ್ನು ಪ್ರಕಟಿಸಿರುವರು. ಮೀನನ್ನು ಕುರಿತೂ ಅಂತಹುದೇ ಒಂದು ಪುಸ್ತಕವಿದೆ. ಭಾರತದ ಬೇರೆ ಬೇರೆ ಜನಪದ ಮತ್ತು ಬುಡಕಟ್ಟು ಚಿತ್ರಸಂಪ್ರದಾಯಗಳ ಕಲಾವಿದರು ಒಂದೇ ಪ್ರಾಣಿಯನ್ನು ಹೇಗೆ ಬೇರೆಬೇರೆಯಾಗಿ ಕಂಡರೆಂಬುದನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು, ಮಗುವು ತಾನೂ ಬರೆಯಲು ಎಡೆ ಬಿಡಲಾಗಿದೆ. ಆನೆಗೆ ಇದೇ ಸರಿಯಾದ ಆಕಾರವೆಂಬುದೊಂದಿಲ್ಲ, ನೋಡುವ ಕಣ್ಣಿಗೆ ತಕ್ಕಂತೆ ಅದು ಎಂಟಾಗಬಹುದು ಎಂಬುದೇ ಇದರ ಬೋಧೆ. ಎಂಟು ಸರಿಯಾಗಿರುವಲ್ಲಿ ಒಂಬತ್ತನೆಯದೂ ಸರಿಯಾಗಬಹುದೆಂದು ಮಗುವು ತಾನಾಗಿಯೇ ಊಹಿಸುವುದು. ಎಂಬರ್ಲಿಯ ಪುಸ್ತಕದಲ್ಲಿ ಕಾಣದ ಔದಾರ್ಯವಿದು.

ಇನ್ನು ಚಿತ್ರಕಥೆಗಳ ವಿಚಾರ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011) 1967ರಲ್ಲಿ ಮುಂಬಯಿಯಿಂದ ಆರಂಭಿಸಿದ ‘ಅಮರ ಚಿತ್ರಕಥೆ’ಯು ಪುರಾಣ ಇತಿಹಾಸಗಳನ್ನು ಅಸಂಖ್ಯಾತ ಬಾಲಕರ ಕೈಗೆ ತಲುಪಿಸಿತೆಂಬುದು ನಿರ್ವಿವಾದ. ಆದರೆ ಆ ಮಾಲೆಯಲ್ಲಿ ಚಿತ್ರವು ಬಹುಮಟ್ಟಿಗೆ ಮಾತಿನ ಅನುಚರನಾಗಿರುವುದು. ಚಿತ್ರದಲ್ಲಿ ಕಣ್ಣಿಗೆ ಕಾಣುವುದನ್ನೇ ಮೇಲಿನ ಪಟ್ಟಿಯ ವಾಕ್ಯವು ಮತ್ತೊಮ್ಮೆ ಹೇಳುವುದೂ ಉಂಟು. ಅದು ಕಥೆಯನ್ನು ತಿಳಿಸುವ ಸಾಧನವಾಯಿತೇ ಹೊರತು, ಚಿತ್ರಕಥೆಯೆಂಬ ಕಲೆಯ ಮರ್ಮವನ್ನು ತಿಳಿಸುವುದು ಅದರ ಉದ್ದೇಶವಾಗಿರಲಿಲ್ಲ. ಆ ಮರ್ಮವನ್ನೇ ವಸ್ತುವಾಗಿಸಿಕೊಂಡ ಪುಸ್ತಕವೊಂದು 2009ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಜೇಮ್ಸ್ ಸ್ಟರ್ಮ್, ಆಂಡ್ರೂ ಆರ್ನಾಲ್ಡ್, ಅಲೆಕ್ಸಿಸ್ ಫ್ರೆಡರಿಕ್-ಫ್ರಾಸ್ಟ್ ಎಂಬ ಮೂವರು ಸೇರಿ ರಚಿಸಿದ ‘ಅಡ್ವೆಂಚರ್ಸ್ ಇನ್ ಕಾರ್ಟೂನಿಂಗ್’ ಎಂಬ ಆ ಪುಸ್ತಕದಲ್ಲಿ ಯೋಧನೊಬ್ಬನು ಬೆಂಕಿಯುಗುಳುವ ಸರ್ಪವನ್ನು ಅರಸುತ್ತ ಹೋಗುವನು. ಜೊತೆಯಲ್ಲಿರುವ ಮಾಂತ್ರಿಕ ಕುಳ್ಳನು ಚೌಕಟ್ಟೆಂದರೇನು, ಮಾತಿನ ಗುಳ್ಳೆಯೆಂದರೇನು ಎಂಬುದನ್ನು ದಾರಿಯುದ್ದಕ್ಕೂ ತಿಳಿಸುವನು. ಪಾಠವು ಕಥೆಗೆ ಹೊರಗಿನಿಂದ ಅಂಟಿಸಿದ ನೀತಿಯಾಗದೆ ಕಥೆಯ ನಡೆಯಲ್ಲಿಯೇ ಬೆರೆತಿದೆ. ವಸ್ತುವು ಪಾಶ್ಚಾತ್ಯವೆಂಬುದು ದೊಡ್ಡ ಅಡ್ಡಿಯಲ್ಲ. ಎರಡು ಚೌಕಟ್ಟುಗಳ ನಡುವಣ ಬರಿಯ ಜಾಗದಲ್ಲಿ ಕಾಲವು ಸರಿಯುವುದು, ಅಲ್ಲಿ ನಡೆದುದನ್ನು ಓದುಗನು ತಾನೇ ತುಂಬಿಕೊಳ್ಳುವನು ಎಂಬ ತತ್ತ್ವವು ಧ್ವನಿಯನ್ನು ಕಾವ್ಯದ ಆತ್ಮವೆಂದು ತಿಳಿದವರಿಗೆ ಅಪರಿಚಿತವಾದುದಲ್ಲ.

ಕೈಗೆಲಸದ ಪುಸ್ತಕಗಳಲ್ಲಿ ಭಾರತೀಯರ ಸಾಧನೆಯು ಹೆಮ್ಮೆಪಡತಕ್ಕದ್ದಾಗಿದೆ. ಸುದರ್ಶನ ಖನ್ನಾ ಅವರು ಜಾತ್ರೆಗಳಲ್ಲಿ ಮಾರುವ ಕುಶಲಕರ್ಮಿಗಳ ಆಟಿಕೆಗಳನ್ನು ಸಂಗ್ರಹಿಸಿ, ಅವುಗಳನ್ನು ಮಾಡುವ ಕ್ರಮವನ್ನು ವಿವರಿಸಿದ ಗ್ರಂಥವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ಅರವಿಂದ ಗುಪ್ತರು 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಶಿಕ್ಷಣದ ಪ್ರಯೋಗದೊಡನೆ ಸಂಬಂಧ ಬೆಳೆಸಿ, ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳಿಂದ ಜೋಡಿಸುವ ವಿಧಾನವನ್ನು ಬಳಕೆಗೆ ತಂದರು. ಮೂರು ಕಡ್ಡಿಗಳ ತ್ರಿಕೋನವು ಅಲುಗುವುದಿಲ್ಲ. ನಾಲ್ಕು ಕಡ್ಡಿಗಳ ಚೌಕವು ಬೆರಳು ಸೋಕಿದೊಡನೆ ಪಕ್ಕಕ್ಕೆ ವಾಲುವುದು. ಚೌಕಕ್ಕೆ ಮೂಲೆಯಿಂದ ಮೂಲೆಗೆ ಉದ್ದನೆಯ ಕಡ್ಡಿಯೊಂದನ್ನು ಕೊಟ್ಟರೆ ಅದೂ ನಿಲ್ಲುವುದು. ಮನೆಯ ಮಾಡು ಏಕೆ ತ್ರಿಕೋನವಾಗಿದೆಯೆಂಬುದನ್ನು ಮಗುವು ಹೀಗೆ ಬೆರಳಿನಿಂದಲೇ ಅರಿಯುವುದು. ವ್ಯಾಕರಣವನ್ನು ಕೊಡುವ ಪುಸ್ತಕಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಇವುಗಳ ಸಾಮಗ್ರಿಯು ಬಡವರ ಮನೆಯಲ್ಲಿಯೂ ಸಿಕ್ಕುವಂತಹುದೆಂಬುದು ಸಾಮಾನ್ಯವಾದ ಗುಣವಲ್ಲ. ಹೊಳೆಯುವ ಕಾಗದ, ಬಣ್ಣದ ಅಂಟು, ವಿಶೇಷವಾದ ಕತ್ತರಿ ಎಂದು ಪಟ್ಟಿ ಕೊಡುವ ಪುಸ್ತಕವು ಮೊದಲ ಪುಟದಲ್ಲಿಯೇ ಅರ್ಧದಷ್ಟು ಓದುಗರನ್ನು ಬಾಗಿಲಿನಿಂದ ಹೊರಗೆ ಕಳುಹಿಸಿಬಿಡುವುದು.

ಇಂತಹ ಪುಸ್ತಕಗಳು ಕನ್ನಡಕ್ಕೆ ಬರುವಾಗ ಭಾಷೆಯ ಪ್ರಶ್ನೆಯು ಏಳುವುದು. ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಭಾಗವಿದು. ಕಾಗದದ ಆಯತಾಕಾರವನ್ನು ಖಚಿತಪಡಿಸಿಕೊಂಡು ಕರ್ಣರೇಖೆಯ ಗುಂಟ ಮಡಚತಕ್ಕದ್ದೆಂಬ ಬಗೆಯ ವಾಕ್ಯವು ವ್ಯಾಕರಣಕ್ಕೆ ಶುದ್ಧವಾಗಿದ್ದರೂ ಮಗುವಿನ ಕೈಯನ್ನು ಅಲುಗಿಸಲಾರದು. ಅಂಟು ಹಚ್ಚಬೇಕೆಂದು ಮೊದಲು ಹೇಳಿ, ಅದಕ್ಕೆ ಮುಂಚೆಯೇ ಅಂಚನ್ನು ಕತ್ತರಿಸಿರಬೇಕೆಂದು ಆಮೇಲೆ ತಿಳಿಸುವ ವಾಕ್ಯವಂತೂ ಹಾನಿಯನ್ನೇ ಮಾಡುವುದು. ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಅಂಟು ಬೆರಳಿಗೆ ಹತ್ತಿರುವುದು. ಕನ್ನಡದಲ್ಲಿ ಕೆಲಸದ ಕ್ರಮವನ್ನು ಹೇಳಲು ಸಹಜವಾದ ಉಪಾಯವೊಂದು ಉಂಟು. ಅದೇ ಭೂತಕೃದಂತಾವ್ಯಯಗಳ ಸರಪಣಿ. ಮೂಲೆಗೆ ಮೂಲೆ ಕೂಡಿಸಿ, ಮಡಿಸಿ, ಉಗುರಿನಿಂದ ಒತ್ತಿ, ಬಿಡಿಸು ಎಂದರೆ ಮಾತಿನ ಕ್ರಮವೂ ಕೈಯ ಕ್ರಮವೂ ಒಂದೇ ಆಗುವುದು. ಅಡಿಗೆಯನ್ನು ಹೇಳಿಕೊಡುವ ಅಜ್ಜಿಯು ಬಳಸುವ ಗದ್ಯವೂ ಇದೇ. ತೆಂಗಿನ ಗರಿಯಿಂದ ಪೀಪಿಯನ್ನೂ ಗಿರಗಿಟ್ಟಲೆಯನ್ನೂ ಮಾಡಿಕೊಡುವ ಅಣ್ಣನ ಬಾಯಲ್ಲಿ ಸೀಳು, ಸುತ್ತು, ಸಿಕ್ಕಿಸು, ಹೆಣೆ ಎಂಬ ಮಾತುಗಳು ಲೀಲಾಜಾಲವಾಗಿ ಬರುವುವು. ಈ ಕ್ರಿಯಾಪದಗಳನ್ನು ಬಿಟ್ಟು, ಮಡಚುವಿಕೆಯನ್ನು ನಡೆಸುವುದು, ಕತ್ತರಿಸುವಿಕೆಯನ್ನು ಕೈಗೊಳ್ಳುವುದು ಎಂದು ಬರೆಯುವ ಅನುವಾದಕನು ಭಾಷೆಯ ಐಶ್ವರ್ಯವನ್ನು ತಾನೇ ಬಾಗಿಲಿಗೆ ಬೀಗ ಹಾಕಿ ಒಳಗಿಟ್ಟಂತೆ ಆಗುವುದು. 1936ರಲ್ಲಿ ‘ಬಾಲಪ್ರಪಂಚ’ವೆಂಬ ಸಂಪುಟಗಳನ್ನು ಹೊರತಂದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಕಲೆಗಳ ಪ್ರಯೋಗವನ್ನೂ ನಡೆಸಿದರು, ಮಕ್ಕಳಿಗೆ ಬರೆಯುವವನು ಮಕ್ಕಳ ಕೈಗಳನ್ನೂ ನೋಡಿರಬೇಕೆಂಬುದಕ್ಕೆ ಅದು ಉತ್ತಮವಾದ ಮೇಲ್ಪಂಕ್ತಿ.

ಕಡೆಯದಾಗಿ ಗ್ರಂಥಾಲಯದ ಹೊಣೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ನಿರೂಪಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು ಗ್ರಂಥದ ಪ್ರಯೋಜನವು ಅದರ ಬಳಕೆಯಲ್ಲಿದೆಯೆಂದು ಸಾರುವುದು. ಕೈಗೆಲಸದ ಪುಸ್ತಕದ ವಿಷಯದಲ್ಲಿ ಬಳಕೆಯೆಂದರೆ ಕಲೆ ಹತ್ತುವುದು, ಮೂಲೆ ಮಡಿಯುವುದು, ಅಂಟಿನ ಗುರುತು ಉಳಿಯುವುದು. ಇದನ್ನು ಅಪರಾಧವೆಂದು ದಂಡ ವಿಧಿಸುವ ಕಡೆಯಲ್ಲಿ ಇಂತಹ ಪುಸ್ತಕಗಳನ್ನು ಕೊಂಡು ಫಲವಿಲ್ಲ. ಆದರೆ ಬರೆಯಲು ಪುಟವನ್ನೇ ಬಿಟ್ಟಿರುವ ಪುಸ್ತಕದಲ್ಲಿ ಮೊದಲನೆಯ ಮಗುವು ಬರೆದುಬಿಟ್ಟರೆ ಎರಡನೆಯ ಮಗುವಿಗೆ ಎಡೆಯಿಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಗ್ರಂಥವು ದೊರೆಯಬೇಕೆಂಬ ಎರಡನೆಯ ಸೂತ್ರಕ್ಕೆ ಅಲ್ಲಿ ಭಂಗ ಬರುವುದು. ಕಪಾಟಿನ ಪಕ್ಕದಲ್ಲಿ ಬಿಡಿಹಾಳೆಗಳ ಒಂದು ಕಟ್ಟನ್ನೂ ನಾಲ್ಕು ಸೀಸದಕಡ್ಡಿಗಳನ್ನೂ ಇಟ್ಟರೆ ಈ ವಿರೋಧವು ಪರಿಹಾರವಾಗುವುದು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿತು. ಹೀಗೆ ಬಾಗಿಲು ತೆರೆದ ಮೇಲೆ ಒಳಗೆ ಬಂದ ಮಗುವಿಗೆ ಓದುವುದರ ಜೊತೆಗೆ ಮಾಡುವುದಕ್ಕೂ ಒಂದು ಮೂಲೆಯನ್ನು ಬಿಡುವುದು ಸಹಜವಾದ ಮುಂದಿನ ಹೆಜ್ಜೆ.

ಆದುದರಿಂದ ಇಂತಹ ಪುಸ್ತಕಗಳನ್ನು ಆರಿಸುವವರು ಮುಖಪುಟದ ಬಣ್ಣಕ್ಕೆ ಮರುಳಾಗದೆ ಮೂರು ಸಂಗತಿಗಳನ್ನು ಪರೀಕ್ಷಿಸುವುದು ಒಳ್ಳೆಯದು: ಪುಸ್ತಕವು ಕೊಡುವುದು ಫಲವನ್ನೋ ವ್ಯಾಕರಣವನ್ನೋ; ಅದು ಕೇಳುವ ಸಾಮಗ್ರಿಯು ಆ ಊರಿನ ಮಗುವಿಗೆ ದೊರೆಯುವುದೋ ಇಲ್ಲವೋ; ಅದರ ಮಾತು ಕೈಯ ಕ್ರಮವನ್ನು ಅನುಸರಿಸುವುದೋ ಇಲ್ಲವೋ. ಕನ್ನಡದ ಲೇಖಕರಿಗೆ ಚುಕ್ಕಿರಂಗೋಲಿಯಿದೆ, ತೆಂಗಿನ ಗರಿಯಿದೆ, ತೊಗಲುಬೊಂಬೆಯಿದೆ, ಮಲೆನಾಡಿನ ಹಸೆಚಿತ್ತಾರವಿದೆ. ಇವುಗಳನ್ನು ಹೇಳಲು ತಕ್ಕ ಕ್ರಿಯಾಪದಗಳೂ ಇವೆ. ಇವುಗಳಿಂದ ಕಟ್ಟಿದ ಪುಸ್ತಕವು ಗ್ರಂಥಾಲಯದಿಂದ ಹೊರಗೆ ಹೋಗಿ, ಕಲೆ ಹತ್ತಿಸಿಕೊಂಡು, ಮೂಲೆ ಮುದುಡಿ ಹಿಂದಿರುಗಿದಲ್ಲಿ ಅದಕ್ಕಿಂತ ಉತ್ತಮವಾದ ಪ್ರಶಸ್ತಿಪತ್ರವನ್ನು ಯಾವ ವಿಮರ್ಶಕನೂ ಬರೆಯಲಾರನು.