ಶೋಕವೂ ಚಿತ್ರವೂ

ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಗಿ ಪರಿಣಮಿಸಿದ ಪ್ರಸಂಗವನ್ನು ಆಲಂಕಾರಿಕರು ಬಹುವಾಗಿ ಚರ್ಚಿಸಿರುವರು. ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ಬಗೆಯಲಾಗದು. ಹಾಗಿದ್ದ ಪಕ್ಷದಲ್ಲಿ ದುಃಖದಿಂದ ಬೆಂದವನಿಗೆ ಕಾವ್ಯರಚನೆಯೇ ಅಸಾಧ್ಯವಾಗುತ್ತಿತ್ತೆಂಬುದು ಅಭಿನವಗುಪ್ತನ ಅಭಿಪ್ರಾಯ. ಕಲಾಚಿಕಿತ್ಸೆಯೆಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿರುವ ಪದ್ಧತಿಯನ್ನು ಪರಿಶೀಲಿಸುವವರು ಎದುರಿಸಬೇಕಾದ ಪ್ರಶ್ನೆಯೂ ಇದಕ್ಕೆ ಸಮೀಪವಾದುದೇ. ದುಃಖಿಯು ಬರೆದ ಚಿತ್ರದಲ್ಲಿ ಕಾಣುವುದು ಆತನ ದುಃಖವೋ, ದುಃಖವನ್ನು ದಾಟಿ ಮೂಡಿದ ಬೇರೊಂದು ವಸ್ತುವೋ?

ಆ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಏಡ್ರಿಯನ್ ಹಿಲ್ ಎಂಬ ಆಂಗ್ಲ ಚಿತ್ರಕಾರ. 1938ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮವನ್ನು ಸೇರಿದ ಈತನು ಚಿತ್ರರಚನೆಯಲ್ಲಿ ಮನಸ್ಸನ್ನು ತೊಡಗಿಸಿ ಚೇತರಿಸಿಕೊಂಡನು. ಬಳಿಕ ಇತರ ರೋಗಿಗಳಿಗೂ ಅದನ್ನು ಕಲಿಸಿದನು. ರೋಗ, ರೋಗಿ, ಉಪಶಮನ ಮೂರೂ ಇಲ್ಲಿ ಸ್ಪಷ್ಟವಾಗಿರುವುದರಿಂದ ಚಿಕಿತ್ಸೆಯೆಂಬ ಮಾತಿಗೆ ಬಾಧೆಯಿಲ್ಲ. ಅದೇ ಮಾತನ್ನು ಟೆರೆಜೀನಿನ ಮಕ್ಕಳ ಚಿತ್ರಗಳಿಗೆ ಅನ್ವಯಿಸಹೊರಟಾಗ ತೊಡಕು ಆರಂಭವಾಗುತ್ತದೆ.

ಟೆರೆಜೀನ್ ಎಂಬುದು ಪ್ರಾಗ್ ನಗರದ ಉತ್ತರಕ್ಕಿರುವ ಹಳೆಯ ಕೋಟೆಪಟ್ಟಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಅದನ್ನು ಯೆಹೂದ್ಯರ ಬಂದೀಖಾನೆಯನ್ನಾಗಿ ಮಾಡಿದ್ದರು. 1942ರ ಡಿಸೆಂಬರಿನಲ್ಲಿ ಅಲ್ಲಿಗೆ ಸಾಗಿಸಲ್ಪಟ್ಟವರಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಒಬ್ಬಳು. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ವೈಮಾರಿನ ಬೌಹೌಸ್ ಕಲಾಶಾಲೆಯಲ್ಲಿ ಯೋಹಾನೆಸ್ ಇಟ್ಟೆನನ ಶಿಷ್ಯೆಯಾಗಿದ್ದ ಈಕೆಯು, ತನಗೆ ಅನುಮತಿಯಿದ್ದ ಅಲ್ಪ ಸಾಮಾನಿನಲ್ಲಿ ಚಿತ್ರಸಾಮಗ್ರಿಯನ್ನೂ ಕೊಂಡೊಯ್ದಳು. ಅದು ಸಾಲದೆ ಬಂದಾಗ ಕಚೇರಿಯ ಹಳೆಯ ನಮೂನೆಕಾಗದಗಳ ಬೆನ್ನೂ ಹರಕು ಚೂರುಗಳೂ ಉಪಯೋಗಕ್ಕೆ ಬಂದುವು. ಅಂಕಣ ಮುದ್ರಿಸಿದ್ದ ಅಂಥ ಕಾಗದವನ್ನೇ ಕತ್ತರಿಸಿ ಅಂಟಿಸಿ ರಚಿಸಿದ ಚಿತ್ರಗಳೂ ಉಂಟು. ಲೆಕ್ಕಪತ್ರದ ಗೆರೆಗಳು ಎಳೆಯ ಕೈಗೆ ಸಿಕ್ಕಿ ಬೇರೆಯೇ ಬಾಳನ್ನು ಪಡೆದುವು.

ಚಿತ್ರಗಳ ವಸ್ತುವನ್ನು ನೋಡಿದರೆ ಮಂಚಗಳ ಅಂತಸ್ತುಗಳೂ ಅನ್ನಕ್ಕಾಗಿ ನಿಂತ ಸಾಲೂ ಅಲ್ಲಲ್ಲಿ ಬಂದಿವೆ. ಆದರೆ ಹೂವು, ಚಿಟ್ಟೆ, ಮನೆ, ತೋಟಗಳಿಗೂ ಕೊರತೆಯಿಲ್ಲ. ಗುರುವಿನ ರೀತಿಯೂ ಗಮನಾರ್ಹವಾದುದು. ಲಯಕ್ಕೆ ತಕ್ಕಂತೆ ಕೈಯನ್ನು ಆಡಿಸಿ ಗೆರೆಯೆಳೆಯುವ ಅಭ್ಯಾಸ, ಪ್ರಾಚೀನ ಚಿತ್ರಗಳನ್ನು ನೋಡಿ ರಚಿಸುವ ಅಭ್ಯಾಸ, ಇವೆಲ್ಲ ಶುದ್ಧ ಕಲಾಶಿಕ್ಷಣವೇ ಹೊರತು ಔಷಧೋಪಚಾರವಲ್ಲ. ಮಕ್ಕಳೆಲ್ಲರನ್ನೂ ಚಿತ್ರಕಾರರನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲವೆಂದೂ, ಅವರಲ್ಲಿ ಸೃಷ್ಟಿಶಕ್ತಿಯನ್ನು ಬಿಡುಗಡೆಮಾಡಿ ಉಳಿಸುವುದೇ ಪಾಠದ ಗುರಿಯೆಂದೂ ಆಕೆಯು 1943ರ ಉಪನ್ಯಾಸದಲ್ಲಿ ಪ್ರತಿಪಾದಿಸಿದಳು.

ಅಮೆರಿಕದಲ್ಲಿ ಈ ಶಾಸ್ತ್ರವು ಬೆಳೆದಂತೆ ಎರಡು ಪಕ್ಷಗಳು ಏರ್ಪಟ್ಟುವು. ಚಿತ್ರವು ಸುಪ್ತಮನಸ್ಸಿನ ಸಾಂಕೇತಿಕ ಭಾಷೆಯೆಂಬುದು ಮಾರ್ಗರೆಟ್ ನಾಂಬರ್ಗಳ ಪಕ್ಷ. ರಚನಾಕ್ರಿಯೆಯಲ್ಲಿಯೇ ಶಮನಶಕ್ತಿಯಿದೆಯೆಂಬುದು ಈಡಿತ್ ಕ್ರಾಮರಳ ಪಕ್ಷ. ಈ ಕ್ರಾಮರಳು ಫ್ರೀಡ್ಲಳ ಶಿಷ್ಯೆಯೆಂಬುದು ಕೇವಲ ಆಕಸ್ಮಿಕವಲ್ಲ. ಮೊದಲನೆಯ ಪಕ್ಷಕ್ಕೆ ವೈದ್ಯಶಾಲೆಯಲ್ಲಿ ಸ್ಥಾನವುಂಟು. ಆದರೆ ಕಪ್ಪುಬಣ್ಣ ಕಂಡಲ್ಲೆಲ್ಲ ಭೀತಿಯನ್ನು ಓದುವ ವ್ಯಾಖ್ಯಾನವು ಟೆರೆಜೀನಿನ ಬಾಲಕನನ್ನು ಎರಡನೆಯ ಸಲ ಬಂದಿಯನ್ನಾಗಿ ಮಾಡುತ್ತದೆ. ಮಗುವಿನ ಬಳಿ ಇದ್ದುದು ಕಪ್ಪು ಸೀಸದಕಡ್ಡಿಯೊಂದೇ ಆಗಿದ್ದಿರಬಹುದಲ್ಲವೆ!

ಇಷ್ಟರಿಂದ ಆ ಮಕ್ಕಳ ದುಃಖವು ಗುಣವಾಯಿತೆಂದು ಸಾಧಿಸಹೊರಡುವುದೂ ಸಲ್ಲದು. ವ್ಯಾಧಿಯು ಅವರ ಚಿತ್ತದಲ್ಲಿರಲಿಲ್ಲ, ಅವರನ್ನು ಸೆರೆಯಲ್ಲಿಟ್ಟ ಪ್ರಭುತ್ವದಲ್ಲಿತ್ತು; ಕುಂಚವು ಅದನ್ನು ತೊಲಗಿಸಲಾರದು. ಅವರಿಗೆ ದೊರೆತುದು ಒಂದು ಗಳಿಗೆಯ ಸ್ವಾತಂತ್ರ್ಯ: ಯಾವ ಬಣ್ಣ, ಯಾವ ಗೆರೆ, ಕಾಗದದ ಯಾವ ಮೂಲೆ ಎಂಬ ನಿರ್ಣಯವು ಅವರದಾಗಿತ್ತು. ಮುನಿಯ ಶೋಕಕ್ಕೆ ಛಂದಸ್ಸು ಮಾಡಿದ ಉಪಕಾರವನ್ನು ಇಲ್ಲಿ ಲಯಾಭ್ಯಾಸವು ಮಾಡಿತೆಂದರೆ ಅತಿಶಯೋಕ್ತಿಯಾಗದು.

1944ರ ಅಕ್ಟೋಬರ್ 6ರಂದು ಫ್ರೀಡ್ಲಳನ್ನು ಆಷ್‌ವಿಟ್ಸಿಗೆ ಸಾಗಿಸಿದರು. ಅಲ್ಲಿ ಆಕೆಯು ಕೊಲ್ಲಲ್ಪಟ್ಟಳು. ಶಿಷ್ಯರಲ್ಲಿ ಹೆಚ್ಚಿನವರಿಗೂ ಅದೇ ಗತಿಯಾಯಿತು. ಬಚ್ಚಿಟ್ಟಿದ್ದ ಎರಡು ಪೆಟ್ಟಿಗೆಗಳಲ್ಲಿ ಸುಮಾರು 4,500 ಚಿತ್ರಗಳು ಯುದ್ಧಾನಂತರ ಪ್ರಾಗನ್ನು ತಲಪಿ, ಈಗ ಅಲ್ಲಿನ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿವೆ. ಪ್ರತಿಯೊಂದರ ಮೇಲೂ ಹೆಸರನ್ನು ಬರೆಯುವಂತೆ ಗುರುವು ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಚಿತ್ರ ಬರೆದ ಮಕ್ಕಳನ್ನು ಆ ಹೆಸರುಗಳಿಂದಲೇ ಗುರುತಿಸಲು ಸಾಧ್ಯವಾಯಿತು.