ಅರವತ್ತರ ನಂತರದ ಪೇಟಿ

ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಬಿಳಿ-ಕರಿ ಮನೆಗಳ ವಾದ್ಯವೆಂದರೆ ಪೇಟಿ, ಅಂದರೆ ಹಾರ್ಮೋನಿಯಂ. ಹರೆಯದಲ್ಲಿ ಊರ ನಾಟಕದ ತಾಲೀಮಿನಲ್ಲಿ ಪೇಟಿ ಮಾಸ್ತರರ ಮಗ್ಗುಲಲ್ಲಿ ಕೂತು ಬೆರಳು ಇಡಲು ಕಲಿತವರು ಆಮೇಲೆ ಹೊಲ, ನೌಕರಿ, ಮಕ್ಕಳ ಮದುವೆ ಎಂದು ಅದನ್ನು ಬಿಟ್ಟಿರುತ್ತಾರೆ. ಅರವತ್ತು ದಾಟಿದ ಮೇಲೆ ಶ್ರಾವಣದ ಭಜನೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಮತ್ತೆ ಪೇಟಿ ಮುಂದಿಟ್ಟುಕೊಳ್ಳುತ್ತಾರೆ. ಕೇಳಿದವರು ‘ಈ ವಯಸ್ಸಿನ್ಯಾಗೂ ಎಷ್ಟ್ ಚಂದ ಬಾರಸ್ತಾರ ನೋಡ್ರಿ’ ಎನ್ನುತ್ತಾರೆ. ಆ ಹೊಗಳಿಕೆ ಸಲ್ಲುವುದು ವಯಸ್ಸಿಗೆ, ಬಾರಿಸಿದ್ದಕ್ಕಲ್ಲ. ಹೀಗೆ ಮರಳಿದವರಿಂದ ಹಾಡಿಗೆ ಏನು ದಕ್ಕಿತು ಎಂದು ಯಾರೂ ಕೇಳುವುದಿಲ್ಲ. ಈ ರೂಢಿಯನ್ನು ಸಂಗೀತವೆಂದೇ ಒಪ್ಪುವುದಾದರೆ ಆ ಪ್ರಶ್ನೆಯನ್ನು ಕೇಳಲೇಬೇಕು.

ಮೊದಲು ವಾದ್ಯದ ಕಡೆಯ ಅನುಕೂಲ. ಪಿಯಾನೊದಲ್ಲಿ ಬೆರಳು ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಒತ್ತಿದ ರಭಸ ಎಷ್ಟೋ ನಾದ ಅಷ್ಟು. ಬೆರಳು ಸೋತರೆ ನಾದವೂ ಸೋಲುತ್ತದೆ. ಪೇಟಿಯಲ್ಲಿ ಬಲಗೈ ಬೆರಳು ಗಾಳಿಗೆ ಬಾಗಿಲು ತೆರೆಯುತ್ತದೆ, ಅಷ್ಟೇ. ಹಿತ್ತಾಳೆಯ ರೀಡು ಮಿಡಿಯುವುದು ಗಾಳಿಯಿಂದ. ಜೋರು-ಮೆಲ್ಲಗೆ ಎಂಬುದೆಲ್ಲ ತಿದಿ ಒತ್ತುವ ಎಡಗೈಯ ಕೆಲಸ. ಹಾಗಾಗಿ ಗಂಟು ಹಿಡಿದ ಬೆರಳಿಗೂ ತುಂಬಿದ ಸ್ವರ ಸಿಗುತ್ತದೆ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೈನ್ 1840ರ ದಶಕದಲ್ಲಿ ರೂಪಿಸಿದ ಹಾರ್ಮೋನಿಯಂ ಕಾಲಿನಿಂದ ಗಾಳಿ ಹಾಕುವಂಥದ್ದು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಮಾಡಿದರು. ಜಮಖಾನೆಯ ಮೇಲೆ ನಾಲ್ಕು ಜನರ ನಡುವೆ ಕೂಡಿಸುವ ವಾದ್ಯ ಅದಾಯಿತು. ಮುಪ್ಪಿನಲ್ಲಿ ಮರಳುವವರಿಗೆ ಇದು ದೊಡ್ಡ ಸವಲತ್ತು: ಒಬ್ಬರೇ ಕೋಣೆಯಲ್ಲಿ ಕೂತು ಪಾಠ ಒಪ್ಪಿಸಬೇಕಿಲ್ಲ, ತಾಳ-ತಬಲಾದ ನಡುವೆ ಸೇರಿಕೊಂಡರೆ ಸಾಕು.

ತೊಡಕು ಹುಟ್ಟುವುದೂ ಇದೇ ಸವಲತ್ತಿನಿಂದ. ಗುಂಪಿನ ದನಿ ತಪ್ಪನ್ನು ಮುಚ್ಚುತ್ತದೆ. ಮರಳಿ ಬಂದವರಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಎರಡು. ಒಂದು, ಷಡ್ಜವಾಗಿ ಹಿಡಿದು ಕಲಿತ ಮನೆಯನ್ನು ಬಿಟ್ಟು ಕದಲದಿರುವುದು. ಹರೆಯದಲ್ಲಿ ಬಿಳಿ ಒಂದರಿಂದ ಕಲಿತ ಪದ ಇಂದಿಗೂ ಅಲ್ಲಿಂದಲೇ ಬರುತ್ತದೆ; ಹಾಡುವವರ ಕಂಠ ಕರಿ ಒಂದಕ್ಕೋ ಎರಡಕ್ಕೋ ಹೊಂದುವುದಿದ್ದರೂ ಅವರೇ ಪೇಟಿಗೆ ಶರಣಾಗಬೇಕು. ಬೆರಳಿಗೆ ನೆನಪಿರುವುದು ಹಾಡಲ್ಲ, ಹಾಡಿನ ಜಾಗ. ಎರಡನೆಯದು, ಹಾಡಿನ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಒತ್ತುತ್ತ ಹೋಗುವುದು.

ಈ ಎರಡನೆಯ ದೋಷಕ್ಕೆ ಹಳೆಯ ದಾವೆಯೇ ಇದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಈ ವಾದ್ಯಕ್ಕೆ ಬರುವುದಿಲ್ಲ, ಸ್ವರಗಳನ್ನು ಸಮಪಾಲು ಮಾಡಿದ ಅದರ ಶ್ರುತಿ ನಮ್ಮ ರಾಗಗಳಿಗೆ ಒಗ್ಗುವುದಿಲ್ಲ ಎಂಬುದು ಆಕ್ಷೇಪ. ನಿಷೇಧ ಅತಿಯಾಯಿತು, ಆಕ್ಷೇಪದಲ್ಲಿ ಹುರುಳಿದೆ. ದರ್ಬಾರಿ ರಾಗದ ತೂಗಾಡುವ ಗಾಂಧಾರ ಯಾವ ಮನೆಯಲ್ಲೂ ಇಲ್ಲ. ರಾಯಚೂರು ಸೀಮೆಯ ತತ್ವಪದಗಳು ಬೆಳೆದದ್ದು ಏಕತಾರಿ, ದಮ್ಮಡಿಗಳ ಜೊತೆ. ಏಕತಾರಿ ಒಂದೇ ಆಧಾರ ಸ್ವರ ಕೊಟ್ಟು ಕಂಠವನ್ನು ಅದರ ಪಾಡಿಗೆ ಬಿಡುತ್ತದೆ. ಅಲ್ಲಿಗೆ ಪೇಟಿ ಬಂದು ಅಕ್ಷರಕ್ಕೊಂದು ಮನೆ ಒತ್ತಿದರೆ ಹಾಡು ಮೆಟ್ಟಿಲು ಹತ್ತಿ ಇಳಿಯತೊಡಗುತ್ತದೆ. ಎಳೆದು ಬಾಗಿಸುವ ಗುಣ ಹೋಗುತ್ತದೆ. ಮೈಕಿನ ಬಾಯಿಗೇ ಪೇಟಿ ಇಟ್ಟ ಕಡೆ ಇದು ಇನ್ನೂ ಕೆಡುತ್ತದೆ.

ಇದಕ್ಕೆ ಪರಿಹಾರ ವಾದ್ಯವನ್ನು ಬಿಡುವುದಲ್ಲ, ಹಾಡಿನ ಜೊತೆಗೆ ನುಡಿಸುವ ಸಾಥ್ ಎಂಬುದನ್ನು ಕಲೆಯೆಂದು ತಿಳಿಯುವುದು. ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917–2010) ಸ್ವತಂತ್ರ ವಾದನದಲ್ಲಿ ಎಷ್ಟು ಹೆಸರಾದರೋ ಸಾಥಿನಲ್ಲೂ ಅಷ್ಟೇ ಹೆಸರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಹಲವು ವಾದ್ಯಗಳನ್ನು ಬಲ್ಲವರು. ಇವರು ಬಿಟ್ಟು ಮರಳಿದವರಲ್ಲ, ಹಿಡಿದದ್ದನ್ನು ಕಡೆಯವರೆಗೂ ಬಿಡದವರು. ಆದ್ದರಿಂದ ಊರ ಭಜನೆಯ ಪೇಟಿಗೆ ಇವರನ್ನು ಅಳತೆಗೋಲು ಮಾಡುವುದು ನ್ಯಾಯವಲ್ಲ. ಆದರೆ ಆ ಪರಂಪರೆಯ ಒಂದು ಪಾಠ ಎಲ್ಲರಿಗೂ ಸಲ್ಲುತ್ತದೆ: ಹಾಡುವವರು ಉಸಿರು ತೆಗೆದುಕೊಳ್ಳುವಲ್ಲಿ ತುಂಬಬೇಕು, ಅವರು ವಿಸ್ತರಿಸುವಲ್ಲಿ ಷಡ್ಜವನ್ನೋ ಪಂಚಮವನ್ನೋ ಹಿಡಿದು ಸುಮ್ಮನಿರಬೇಕು.

ಸುಮ್ಮನಿರುವುದು ಹರೆಯದ ಕೈಗೆ ಕಷ್ಟ, ಮುಪ್ಪಿನ ಕೈಗೆ ಸುಲಭ. ಇಲ್ಲಿಯೇ ಮರಳಿದವರ ನಿಜವಾದ ಬಲವಿದೆ. ದ್ರುತ್ ತಾನುಗಳ ಓಟ ಅವರಿಗೆ ಮತ್ತೆ ಸಿಗಲಾರದು. ಅದನ್ನೇ ಬೆನ್ನಟ್ಟಿದವರು ತಾವೂ ಬಳಲಿ ಕೇಳುವವರನ್ನೂ ಬಳಲಿಸುತ್ತಾರೆ. ಆದರೆ ಪದದ ಅರ್ಥ ಎಲ್ಲಿ ನಿಲ್ಲುತ್ತದೆ, ಹಾಡುಗಾರ ಎಲ್ಲಿ ಚರಣವನ್ನು ಮತ್ತೆ ಎತ್ತಿಕೊಳ್ಳುತ್ತಾನೆ ಎಂಬ ಅಂದಾಜು ನಲವತ್ತು ವರ್ಷ ಕೇಳಿಸಿಕೊಂಡೇ ಬರಬೇಕು. ವಾದ್ಯ ಮುಟ್ಟದ ಆ ವರ್ಷಗಳಲ್ಲೂ ಇವರು ಕೇಳುವುದನ್ನು ಬಿಟ್ಟಿರಲಿಲ್ಲ. ಆ ಕೇಳ್ಮೆಯನ್ನು ಕೈಗೆ ಇಳಿಸಿದವರ ಪೇಟಿಯಲ್ಲಿ ಸ್ವರ ಕಡಿಮೆ, ಹಾಡು ಹೆಚ್ಚು.

ಬಿಟ್ಟದ್ದಕ್ಕೆ ಮರಳಲೇಬೇಕೆಂಬ ನೇಮವೂ ಇಲ್ಲ. ಮೈಸೂರಿನ ಜಯಚಾಮರಾಜ ಒಡೆಯರು (1919–1974) ಪಿಯಾನೊ ವಾದಕರಾಗುವ ಆಸೆ ಹೊತ್ತವರು. 1940ರಲ್ಲಿ ಪಟ್ಟ ಬಂದು ಆ ದಾರಿ ಮುಚ್ಚಿತು. ರಷ್ಯದ ರಚನಕಾರ ಮೆಟ್ನರ್ ತಮ್ಮ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಅವರು ಹಣ ಕೊಟ್ಟರು; ಕರ್ನಾಟಕ ಸಂಗೀತಕ್ಕೆ ತಿರುಗಿ 94 ಕೃತಿಗಳನ್ನೂ ರಚಿಸಿದರು. ಕೈತಪ್ಪಿದ್ದನ್ನು ಅದೇ ರೂಪದಲ್ಲಿ ಹಿಡಿಯಲು ಹೋಗದೆ ಕಿವಿ ಕರೆದ ಕಡೆ ನಡೆದರು.

ಊರ ಭಜನಾ ಮಂಡಳಿಯಲ್ಲಿ ಈಗ ಇನ್ನೊಂದು ಸೆಳೆತವಿದೆ: ತಾಳವನ್ನೂ ತಾನೇ ಹಾಕುವ ವಿದ್ಯುತ್ ಕೀಬೋರ್ಡು. ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಮನೆ ಬದಲಿಸಲಾರದವರಿಗೆ ಇದು ನೆರವೇ. ಆದರೆ ಯಂತ್ರದ ಲಯ ಹಾಡುವವರಿಗಾಗಿ ನಿಧಾನಿಸುವುದಿಲ್ಲ. ಕಾಯುವುದೇ ಹಿರಿಯರ ಗುಣವಾದಾಗ, ಕಾಯದ ಯಂತ್ರದ ಮುಂದೆ ಅವರನ್ನು ಕೂಡಿಸಿದರೆ ಮರಳಿ ಬಂದ ಅರ್ಥವೇ ಹೋಗುತ್ತದೆ.

ಆದ್ದರಿಂದ ಈ ರೂಢಿಯನ್ನು ನಾನು ಮೆಚ್ಚುತ್ತೇನೆ, ಆದರೆ ಒಂದು ಕರಾರಿನ ಮೇಲೆ. ಅರವತ್ತರ ನಂತರ ಪೇಟಿ ಹಿಡಿದವರು ಕಳೆದುಹೋದ ಓಟವನ್ನು ಬಿಟ್ಟು, ಇನ್ನೆರಡು ಮೂರು ಮನೆಗಳಿಂದ ಅದೇ ಪದ ನುಡಿಸುವುದನ್ನು ಕಲಿಯಲಿ. ಹಾಡುವವರ ಕಂಠ ಯಾವುದೆಂದು ಮೊದಲು ಕೇಳಲಿ. ಮಂಡಳಿಯವರು ಬರಿಯ ಚಪ್ಪಾಳೆ ತಟ್ಟದೆ ‘ಇಲ್ಲಿ ಸ್ವಲ್ಪ ಬಿಡ್ರಿ, ಹಾಡು ಕೇಳ್ಸವಲ್ದು’ ಎಂದು ಹೇಳುವ ಸಲಿಗೆ ಇಟ್ಟುಕೊಳ್ಳಲಿ. ಹಿರಿಯ ವಾದಕರನ್ನು ತಿದ್ದಬಹುದಾದಷ್ಟು ಗಂಭೀರವಾಗಿ ತೆಗೆದುಕೊಳ್ಳುವುದೇ ಅವರಿಗೆ ಸಲ್ಲಬೇಕಾದ ಮರ್ಯಾದೆ.