ಉಚ್ಚಂಗಿದುರ್ಗವನ್ನು ಕೆಳಗಿನಿಂದ ನೋಡಿ

ಕೋಟೆ ನೋಡಲು ಹೋದವರು ಬಲು ಬೇಗ ಮೇಲೆ ಹತ್ತಿಬಿಡುತ್ತಾರೆ. ಗಾಳಿಗೆ ಮುಖವೊಡ್ಡಿ, ಸುತ್ತಲಿನ ಹೊಲಗಳ ಫೋಟೊ ತೆಗೆದು, ‘ಇಷ್ಟೇನಾ, ಬರೀ ಗೋಡೆ’ ಎಂದು ಇಳಿದು ಬರುತ್ತಾರೆ. ಗುಡಿ ನೋಡಿ ಪಳಗಿದ ಕಣ್ಣು ಕೋಟೆಯಲ್ಲೂ ಕೆತ್ತನೆಯನ್ನೇ ಹುಡುಕುತ್ತದೆ. ಆದರೆ ಗುಡಿ ಕಟ್ಟುವುದು ಜನರನ್ನು ಒಳಗೆ ಕರೆಯಲು, ಕೋಟೆ ಕಟ್ಟುವುದು ಬಂದವರನ್ನು ತಡೆಯಲು. ಆ ತಡೆಯನ್ನು ಎಷ್ಟು ಜಾಣತನದಿಂದ ಒಡ್ಡಿದ್ದಾರೆ ಎಂಬುದರಲ್ಲೇ ಕೋಟೆಯ ಸೊಗಸಿದೆ.

ಅದನ್ನು ಕಲಿಯಲು ಹಗರಿಬೊಮ್ಮನಹಳ್ಳಿ ಸೀಮೆಯವರು ದೂರ ಹೋಗಬೇಕಿಲ್ಲ. ಕೊಟ್ಟೂರು ದಾಟಿ ಹರಪನಹಳ್ಳಿಗೆ ಬಂದರೆ, ಅದೇ ತಾಲ್ಲೂಕಿನಲ್ಲಿ ದಾವಣಗೆರೆಯ ದಿಕ್ಕಿಗೆ ಉಚ್ಚಂಗಿದುರ್ಗವಿದೆ. ಚಿತ್ರದುರ್ಗದಷ್ಟು ಹೆಸರಿಲ್ಲ, ಟಿಕೆಟ್ ಕೊಳ್ಳುವ ಸಾಲೂ ಇಲ್ಲ. ಆದರೆ ಕನ್ನಡ ನಾಡಿನ ಎರಡು ದೊಡ್ಡ ಅರಸುಮನೆಗಳ ಬಿರುದುಗಳಲ್ಲಿ ಈ ಗುಡ್ಡದ ಪಾಲಿದೆ.

ಮೊದಲು ಹತ್ತಬೇಡಿ. ಬುಡದಲ್ಲಿ ಒಂದು ಗಳಿಗೆ ನಿಂತು, ದಂಡು ಕಟ್ಟಿಕೊಂಡು ಬಂದ ಶತ್ರುವಿನ ಕಣ್ಣಲ್ಲಿ ಗುಡ್ಡವನ್ನು ನೋಡಿ. ಏಣಿ ಎಲ್ಲಿ ಹಾಕುತ್ತೀರಿ? ಮೇಲಿನಿಂದ ಗುಂಡುಕಲ್ಲು ಉರುಳಿಸಿದರೆ ಯಾವ ಬಂಡೆಯ ಮರೆಗೆ ಓಡುತ್ತೀರಿ? ಈ ಸೀಮೆಯ ಬಿಸಿಲಲ್ಲಿ ಸಾವಿರ ಜನರಿಗೆ, ಕುದುರೆಗಳಿಗೆ ನೀರು ಎಲ್ಲಿಂದ ತರುತ್ತೀರಿ? ಹೀಗೆ ಕೇಳಿಕೊಂಡಾಗ ಗೋಡೆ ಇರುವ ಜಾಗಕ್ಕಿಂತ ಇಲ್ಲದ ಜಾಗ ಹೆಚ್ಚು ಮಾತಾಡುತ್ತದೆ. ಬಂಡೆಯೇ ನೆಟ್ಟಗೆ ನಿಂತ ಕಡೆ ಕಟ್ಟುವವರಿಗೆ ಕೆಲಸವಿರಲಿಲ್ಲ. ಹತ್ತಲು ಬರುವಂತಹ ಸಂದುಗಳನ್ನು ಹುಡುಕಿ ಮುಚ್ಚಿದರು. ಗಿರಿದುರ್ಗವೆಂದರೆ ಅರ್ಧ ಪ್ರಕೃತಿಯ ಕೆಲಸ, ಅರ್ಧ ಒಡ್ಡರ ಕೆಲಸ.

ಗೋಡೆಯ ಹತ್ತಿರ ಹೋದಾಗ ಒಂದು ಕಲ್ಲಿನ ಅಂಚನ್ನು ನಿಧಾನವಾಗಿ ನೋಡಿ. ಸಾಲಾಗಿ ಚಿಕ್ಕ ಗುಳಿಗಳು ಕಂಡರೆ ಅವು ಬೆಣೆಯ ಗುರುತು. ಉಳಿಯಿಂದ ಗುಳಿ ತೋಡಿ, ಬೆಣೆ ಇಟ್ಟು ಬಡಿದು, ಬಂಡೆಯನ್ನು ಗೆರೆ ಹಿಡಿದು ಸೀಳುತ್ತಿದ್ದರು. ಸೀಳಿದಾಗ ಗುಳಿ ಎರಡು ಹೋಳಾಗಿ, ಅರ್ಧ ಕೋಟೆಯ ಕಲ್ಲಿಗೆ ಬರುತ್ತದೆ, ಉಳಿದರ್ಧ ಬಂಡೆಯಲ್ಲೇ ಉಳಿಯುತ್ತದೆ. ಬೆರಳಿಟ್ಟು ನೋಡಿ, ಉಳಿಯ ಗೀರು ಇನ್ನೂ ತಾಗುತ್ತದೆ. ಅರಸರ ಹೆಸರು ಶಾಸನದಲ್ಲಿ ಸಿಗುತ್ತದೆ, ಕಲ್ಲು ಒಡೆದವನದು ಸಿಗುವುದು ಇಷ್ಟೇ. ನನಗೆ ಕೋಟೆಯಲ್ಲಿ ಅತ್ಯಂತ ಪ್ರೀತಿಯ ಜಾಗ ಇದೇ.

ಕಂಡ ಗೋಡೆಯನ್ನೆಲ್ಲ ಒಬ್ಬನೇ ಅರಸನಿಗೆ ಕಟ್ಟಿಬಿಡಬೇಡಿ. ಬಂದೂಕಿನ ಕಿಂಡಿಯಾಗಲಿ ಇಟ್ಟಿಗೆ ಗಾರೆಯ ತೆನೆಯಾಗಲಿ ಕಂಡರೆ, ಅದು ಮದ್ದುಗುಂಡು ಬಂದ ಮೇಲಿನ ಕೆಲಸ. ಹೊಯ್ಸಳರ ಕಾಲಕ್ಕೆ ಈ ನಾಡಿನಲ್ಲಿ ಬಂದೂಕು ಇರಲಿಲ್ಲ. ಕಡೆಗಾಲಕ್ಕೆ ಈ ದುರ್ಗ ಹರಪನಹಳ್ಳಿ ಪಾಳೆಯಗಾರರ ಕೈಯಲ್ಲಿತ್ತು.

ಇನ್ನು ಕಥೆಗೆ ಬರೋಣ. ಕೋಟೆಯ ಚರಿತ್ರೆ ಕೋಟೆಯಲ್ಲೇ ಸಿಗಬೇಕೆಂದಿಲ್ಲ. ಅದನ್ನು ಗೆದ್ದವರು ತಮ್ಮ ಊರಿಗೆ ಹೋಗಿ ಬರೆಸಿಕೊಳ್ಳುತ್ತಾರೆ. ಉಚ್ಚಂಗಿ ನೊಳಂಬರ ಬಲವಾಗಿದ್ದ ಕಾಲದಲ್ಲಿ ಗಂಗರ ಮಾರಸಿಂಹ ಅದನ್ನು ಹಿಡಿದು ‘ನೊಳಂಬಕುಲಾಂತಕ’ ಎನಿಸಿಕೊಂಡ. ಆ ಸುದ್ದಿ ಇರುವುದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆ, 974ರಲ್ಲಿ ತೀರಿಕೊಂಡ ಆ ಅರಸನ ಸ್ಮಾರಕ ಶಾಸನದಲ್ಲಿ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಅವನ ಮಂತ್ರಿ ಮತ್ತು ದಂಡನಾಯಕ.

ಆಮೇಲೆ ಬಂದವರು ಉಚ್ಚಂಗಿಯ ಪಾಂಡ್ಯರು, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿ 32000 ಎಂಬ ನಾಡನ್ನು ಆಳಿದವರು. ಹೊಯ್ಸಳ ವಿಷ್ಣುವರ್ಧನ ಇವರ ಮೇಲೆ ಏರಿ ಬಂದ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳ 1177ರ ಸುಮಾರಿಗೆ ದುರ್ಗವನ್ನು ಹಿಡಿದೇಬಿಟ್ಟ. ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಅವನ ಬಿರುದುಗಳಿಗೆ ಶನಿವಾರದ ಈ ಗೆಲುವೇ ಮೂಲ ಎಂದು ವಿದ್ವಾಂಸರು ವಿವರಿಸುತ್ತಾರೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಆಸೆ ಬಿಟ್ಟುಹೋದ ಕೋಟೆ ಇದೆಂದು ಹೊಯ್ಸಳ ಶಾಸನ ಹೊಗಳುತ್ತದೆ. ಹೊಗಳಿಕೆಯ ಮಾತನ್ನು ಹೊಗಳಿಕೆಯೆಂದೇ ಓದಬೇಕು: ಸೋತ ಕೋಟೆ ದೊಡ್ಡದಾದಷ್ಟೂ ಗೆದ್ದವನು ದೊಡ್ಡವನಾಗುತ್ತಾನೆ. ಗೆದ್ದ ಮೇಲೆ ಬಲ್ಲಾಳ ಪಾಂಡ್ಯ ಕಾಮದೇವನಿಗೆ ರಾಜ್ಯವನ್ನು ಮರಳಿ ಕೊಟ್ಟ ಎಂಬುದನ್ನೂ ಮರೆಯಬೇಡಿ. ಇಂತಹ ಗುಡ್ಡವನ್ನು ಹಿಡಿಯುವುದು ಒಂದು ಕಷ್ಟ, ದೂರದ ರಾಜಧಾನಿ ದೋರಸಮುದ್ರದಿಂದ ಕಾಯುವುದು ಇನ್ನೊಂದು ಕಷ್ಟ.

ಈಗ ಹತ್ತಿ. ಮೇಲೆ ಹೋದ ಕೂಡಲೇ ಅರಮನೆಯ ಅವಶೇಷ ಹುಡುಕುವ ಬದಲು ನೀರು ಹುಡುಕಿ. ಹೊಂಡ ಎಲ್ಲಿದೆ, ಯಾವ ಬಂಡೆಯ ಮೇಲೆ ಬಿದ್ದ ಮಳೆ ಹರಿದು ಅಲ್ಲಿಗೆ ಸೇರುತ್ತದೆ ಎಂದು ನೀರಿನ ಜಾಡು ಹಿಡಿದು ನಡೆಯಿರಿ. ಹನ್ನೆರಡು ವರ್ಷವಲ್ಲ, ಹನ್ನೆರಡು ವಾರ ತಡೆದು ನಿಲ್ಲಬೇಕಾದರೂ ಗೋಡೆಗಿಂತ ಮುಂಚೆ ಬೇಕಾದದ್ದು ಹೊಂಡ ಮತ್ತು ಕಣಜ.

ಅರಸರೆಲ್ಲ ಹೋದ ಮೇಲೂ ದುರ್ಗ ಪಾಳು ಬೀಳದಿರುವುದು ಇಲ್ಲಿನ ದೇವಿ ಉತ್ಸವಾಂಬೆಯಿಂದ. ಭರತ ಹುಣ್ಣಿಮೆಗೆ ಜನ ಕಿಕ್ಕಿರಿದು ಬರುತ್ತಾರೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿದ ನೋವಿನ ಚರಿತ್ರೆಯೂ ಈ ಗುಡ್ಡಕ್ಕಿದೆ. 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರವೂ ಜಾತ್ರೆಯ ದಿನಗಳಲ್ಲಿ ಅಲ್ಲಿ ಕಾವಲು ಬೇಕಾಗಿದೆ. ಬಲ್ಲಾಳನ ಬಿರುದು ಹೇಳುವವರು ಇದನ್ನೂ ಹೇಳಬೇಕು. ಕಲ್ಲು ನೋಡಬೇಕೆನ್ನುವವರು ಜಾತ್ರೆ ಬಿಟ್ಟು ಬೇರೆ ದಿನ ಹೋಗಲಿ, ಮಳೆಗಾಲ ಮುಗಿದ ಮೇಲಾದರೆ ಹೊಂಡಗಳಲ್ಲಿ ನೀರೂ ಇರುತ್ತದೆ.

ಬರುವಾಗ ಹರಪನಹಳ್ಳಿಯ ಹತ್ತಿರದ ಬಾಗಳಿಗೆ ಹೋಗಿ ಕಲ್ಲೇಶ್ವರನ ಗುಡಿಯ ಕಂಬಗಳನ್ನು ನೋಡಿ. 987ರ ಶಾಸನವಿರುವ ಗುಡಿ ಅದು. ಇದೇ ಸೀಮೆಯ ಕಲ್ಲುಕೆಲಸ ಕಣ್ಣಿಗಾಗಿ ಹೇಗೆ ನಯವಾಯಿತು, ದುರ್ಗದಲ್ಲಿ ಕಾವಲಿಗಾಗಿ ಹೇಗೆ ಒರಟಾಯಿತು ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ಕೂಡ್ಲಿಗಿ ಕಡೆಯವರು ಇನ್ನೊಂದು ದಿನ ಗುಡೇಕೋಟೆಗೆ ಹೋಗಿ ಪಾಳೆಯಗಾರರ ಕೋಟೆಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಒನಕೆ ಓಬವ್ವನ ತವರೂರು ಅದೇ ಎಂದು ಜನ ಅಭಿಮಾನದಿಂದ ಹೇಳುತ್ತಾರೆ. ಅಲ್ಲಿನ ಬಂಡೆಗುಡ್ಡಗಳು ಈಗ ಕರಡಿಧಾಮ, ಹೊತ್ತು ಮುಳುಗುವ ಮೊದಲೇ ಇಳಿದುಬಿಡಿ.